ಕಿಂಡಿಯ ಲೆಕ್ಕ: ಕೆಲವರು ಹಲವರನ್ನು ತಡೆಯೋದು ಹೇಗೆ?

ಸೆಮಿಸ್ಟರ್ ಪರೀಕ್ಷೆ ಮುಗಿದ ಮಾರನೇ ದಿನ ನಾವು ನಾಲ್ಕು ಜನ ಬಿಳಿಚೋಡಿಗೆ ಹೋಗಿದ್ವಿ. ನಮ್ಮ ಕನ್ನಡ ಬಳಗದ ಗೆಳೆಯನ ಊರು ಅದು. ಜಗಳೂರು ತಾಲ್ಲೂಕು, ದಾವಣಗೆರೆ ಜಿಲ್ಲೆ. 1997ರಲ್ಲಿ ಜಿಲ್ಲೆ ಬೇರೆಯಾಗುವ ಮೊದಲು ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಹಾಗಾಗಿ ಆ ಮನೆಯ ಅಜ್ಜಿಗೆ ಇವತ್ತಿಗೂ ಚಿತ್ರದುರ್ಗ ಅಂದ್ರೆ 'ನಮ್ಮ ದುರ್ಗ'.

ರಾತ್ರಿ ಊಟ ಆದ್ಮೇಲೆ ಮೊಬೈಲಿನಲ್ಲಿ ಒಂದು ಕಮಾಂಡೊ ಸಿನಿಮಾ ನೋಡ್ತಾ ಕೂತಿದ್ವಿ. ಆರು ಜನರ ತಂಡ ಒಂದಿಡೀ ಸೈನ್ಯವನ್ನು ಬಯಲಲ್ಲಿ ನಿಂತು ಉರುಳಿಸ್ತಿತ್ತು. ನಮ್ಮ ಗೆಳೆಯನಿಗೆ ಇದು ಬರೀ ಸಿನಿಮಾ ಅಲ್ಲ. ಅವನು ಸೇನೆಯ ಆಯ್ಕೆ ಸಂದರ್ಶನಕ್ಕೆ ತಯಾರಿ ನಡೆಸ್ತಿದ್ದಾನೆ, ಪ್ಯಾರಾ ಎಸ್‌ಎಫ್ ಸೇರೋದು ಅವನ ಕನಸು. ಪಕ್ಕದಲ್ಲಿ ಕೂತು ನೋಡ್ತಿದ್ದ ಅಜ್ಜಿ ಒಂದೇ ಮಾತು ಅಂದ್ರು: "ನಮ್ಮ ಓಬವ್ವನೂ ಒಬ್ಬಳೇ ಅಷ್ಟು ಜನರನ್ನ ಹೊಡೆದ್ಲು ಕಣಪ್ಪಾ. ಆದ್ರೆ ಅವಳು ಹಿಂಗೆ ಬಯಲಾಗೆ ನಿಂತಿರ್ಲಿಲ್ಲ, ಕಿಂಡಿ ಹತ್ರ ನಿಂತಿದ್ಲು."

ಬಯಲಿಗೂ ಕಿಂಡಿಗೂ ಏನು ವ್ಯತ್ಯಾಸ? ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿದ್ದು.

ಕಿಂಡಿಯಲ್ಲಿ ನಡೆದದ್ದು

ಕಥೆ ನಮಗೆಲ್ಲ ಗೊತ್ತು. ಆದರೂ ಎಂಜಿನಿಯರ್ ಕಣ್ಣಿನಿಂದ ಇನ್ನೊಮ್ಮೆ ನೋಡೋಣ. ಮದಕರಿ ನಾಯಕನ ಕಾಲ. ಹೈದರಾಲಿಯ ಸೈನ್ಯ ದುರ್ಗವನ್ನು ಮುತ್ತಿದೆ. ಏಳು ಸುತ್ತಿನ ಕೋಟೆಯನ್ನು ಎದುರಿನಿಂದ ಒಡೆಯೋಕೆ ಆಗ್ತಿಲ್ಲ. ಬಂಡೆಗಳ ನಡುವೆ ಒಬ್ಬೊಬ್ಬರೇ ನುಸುಳಬಹುದಾದ ಕಿಂಡಿಯೊಂದು ಶತ್ರುಗಳ ಕಣ್ಣಿಗೆ ಬಿತ್ತು. ಕಾವಲುಗಾರ ಕಹಳೆ ಮುದ್ದಹನುಮ ಊಟಕ್ಕೆ ಮನೆಗೆ ಬಂದಿದ್ದ. ಅವನಿಗೆ ನೀರು ತರೋಕೆ ಹೋದ ಹೆಂಡತಿ ಓಬವ್ವನಿಗೆ ಕಿಂಡಿಯಲ್ಲಿ ಸದ್ದು ಕೇಳಿಸ್ತು. ಒನಕೆ ತಂದಳು. ತಲೆ ಹೊರಗೆ ಹಾಕಿದವನಿಗೆ ಒಂದು ಏಟು, ಹೆಣವನ್ನು ಪಕ್ಕಕ್ಕೆ ಎಳೆದು ಹಾಕೋದು, ಮುಂದಿನವನಿಗೆ ಕಾಯೋದು. ಇದು ಬರಹಕ್ಕಿಂತ ಹೆಚ್ಚಾಗಿ ಜನರ ನೆನಪಿನಲ್ಲಿ ಉಳಿದು ಬಂದ ಕಥೆ.

ಇಲ್ಲಿ ಮೂರು ವಿಷಯ ಗಮನಿಸಿ. ಒಂದು, ಹೊರಗೆ ಎಷ್ಟು ಸಾವಿರ ಜನ ಇದ್ದರೂ ಒಂದು ಕ್ಷಣಕ್ಕೆ ಅವಳ ಎದುರಿಗೆ ಬರೋದು ಒಬ್ಬನೇ. ಎರಡು, ಅವನು ತೆವಳುತ್ತಾ ಬರ್ತಾನೆ, ಕತ್ತಿ ಬೀಸೋಕೆ ಜಾಗ ಇಲ್ಲ. ಅವಳು ನೇರವಾಗಿ ನಿಂತಿದ್ದಾಳೆ. ಮೂರು, ಹೆಣ ಎಳೆದು ಹಾಕಿದ್ದರಿಂದ ಹಿಂದಿನವನಿಗೆ ಮುಂದೆ ಏನಾಗ್ತಿದೆ ಅಂತ ತಿಳಿಯಲೇ ಇಲ್ಲ. ಹೆಣ ಅಲ್ಲೇ ಬಿದ್ದಿದ್ದರೆ ಎರಡನೆಯವನೇ ವಾಪಸ್ ಹೋಗಿ ಎಲ್ಲರನ್ನೂ ಎಚ್ಚರಿಸ್ತಿದ್ದ.

ಲ್ಯಾಂಚೆಸ್ಟರ್ ಸೂತ್ರ

ಫ್ರೆಡರಿಕ್ ಲ್ಯಾಂಚೆಸ್ಟರ್ ಇಂಗ್ಲೆಂಡಿನ ಎಂಜಿನಿಯರ್, ಕಾರು ತಯಾರಿಸಿದವನು. ಮೊದಲ ಮಹಾಯುದ್ಧದ ಹೊತ್ತಿಗೆ ಅವನು ಯುದ್ಧಕ್ಕೂ ಡಿಫರೆನ್ಷಿಯಲ್ ಸಮೀಕರಣ ಬರೆದ. ಅವನ ವಾದ ಸರಳ. ಬಂದೂಕು ಹಿಡಿದು ಬಯಲಲ್ಲಿ ಹೋರಾಡುವಾಗ ಎಲ್ಲರೂ ಎಲ್ಲರ ಮೇಲೂ ಗುಂಡು ಹಾರಿಸಬಹುದು. ಆಗ ಒಂದು ಪಡೆಯ ಬಲ ಅಂದ್ರೆ ಒಬ್ಬೊಬ್ಬರ ಸಾಮರ್ಥ್ಯವನ್ನು ಸಂಖ್ಯೆಯ ವರ್ಗದಿಂದ ಗುಣಿಸಿದ್ದು. ಕತ್ತಿ, ಈಟಿಯ ಹೋರಾಟದಲ್ಲಿ ಒಬ್ಬನಿಗೆ ಒಬ್ಬ. ಅಲ್ಲಿ ಸಾಮರ್ಥ್ಯವನ್ನು ಬರೀ ಸಂಖ್ಯೆಯಿಂದ ಗುಣಿಸಿದರೆ ಸಾಕು.

ಹತ್ತು ಜನ ನೂರು ಜನರ ಎದುರು ನಿಂತಿದ್ದಾರೆ ಅಂದ್ಕೊಳ್ಳಿ. ಬಯಲಲ್ಲಿ, ಬಂದೂಕಿನ ಕಾಳಗದಲ್ಲಿ, ಎಲ್ಲರೂ ಸಮಾನ ನಿಪುಣರಾದರೆ: 100ರ ವರ್ಗ 10,000, 10ರ ವರ್ಗ 100, ವ್ಯತ್ಯಾಸ 9,900, ಅದರ ವರ್ಗಮೂಲ ಸುಮಾರು 99.5. ಅಂದ್ರೆ ಹತ್ತು ಜನ ಪೂರ್ತಿ ಸತ್ತಾಗ ಎದುರಿನವರಿಗೆ ಆಗುವ ನಷ್ಟ ಅರ್ಧ ಮನುಷ್ಯ! ಸರಿಸಮ ಆಗಬೇಕಾದ್ರೆ ಆ ಹತ್ತು ಜನರಲ್ಲಿ ಒಬ್ಬೊಬ್ಬರೂ ನೂರು ಪಟ್ಟು ಸಮರ್ಥರಾಗಿರಬೇಕು. ಸಿನಿಮಾ ಹೀರೊ ಬಿಟ್ಟರೆ ಯಾರಿಗೂ ಅದು ಸಾಧ್ಯವಿಲ್ಲ. ಕತ್ತಿ ಕಾಳಗದಲ್ಲಾದರೆ ಹತ್ತು ಪಟ್ಟು ಸಾಕು. ಇನ್ನು ಕಿಂಡಿಯಲ್ಲಿ? ಪ್ರತಿ ಕ್ಷಣವೂ ಒಬ್ಬರಿಗೆ ಒಬ್ಬ, ಅದರ ಮೇಲೆ ಜಾಗದ ಅನುಕೂಲ ಪೂರ್ತಿ ಓಬವ್ವನ ಕಡೆ.

ಚಿಕ್ಕ ತಂಡದ ಮೊದಲ ಪಾಠ ಇದು: ಶತ್ರುವಿನ ಸಂಖ್ಯೆಯನ್ನು ಕಡಿಮೆ ಮಾಡೋಕೆ ಆಗಲ್ಲ, ಆದರೆ ಒಂದು ಸಲಕ್ಕೆ ಎದುರಾಗುವ ಸಂಖ್ಯೆಯನ್ನು ಕಡಿಮೆ ಮಾಡಬಹುದು.

ಆದರೆ ಎಷ್ಟು ಹೊತ್ತು?

ಸಂಭವನೀಯತೆಯ ಪಾಠ ನೆನಪಿಸಿಕೊಳ್ಳಿ. ಪ್ರತಿ ಏಟಿನಲ್ಲೂ ಗೆಲ್ಲುವ ಸಾಧ್ಯತೆ 0.9 ಇದೆ ಅಂತಿಟ್ಟುಕೊಳ್ಳೋಣ. ಸಾಲಾಗಿ ಇಪ್ಪತ್ತು ಸಲ ಗೆಲ್ಲುವ ಸಾಧ್ಯತೆ 0.9ರ ಇಪ್ಪತ್ತನೇ ಘಾತ, ಅಂದ್ರೆ ಸುಮಾರು 0.12 ಮಾತ್ರ. ಅದನ್ನೇ 0.99 ಮಾಡಿದರೆ ಇಪ್ಪತ್ತು ಸಲಕ್ಕೆ 0.82, ಐವತ್ತು ಸಲಕ್ಕೆ 0.6ಕ್ಕೆ ಇಳಿಯುತ್ತೆ. ಎಷ್ಟೇ ಗಟ್ಟಿಗರಾದರೂ ಹೊತ್ತು ಕಳೆದಂತೆ ಲೆಕ್ಕ ವಿರುದ್ಧ ತಿರುಗುತ್ತೆ. ಹಾಗಾಗಿ ಚಿಕ್ಕ ತಂಡಕ್ಕೆ ಎರಡೇ ದಾರಿ: ಬೇಗ ಮುಗಿಸಬೇಕು, ಇಲ್ಲಾ ಹಿಂದಿನಿಂದ ಸಹಾಯ ಬರಬೇಕು. ಊಟ ಮುಗಿಸಿ ಬಂದ ಮುದ್ದಹನುಮ ಕಹಳೆ ಊದಿದ, ಕೋಟೆಯ ಸೈನಿಕರು ಓಡಿ ಬಂದರು. ಒನಕೆ ಸಮಯ ಗಳಿಸಿಕೊಡ್ತು, ಕಿಂಡಿ ಉಳಿಸಿದ್ದು ಕಹಳೆ.

ಆ ಕಡೆಯಿಂದ ನೋಡಿದ್ರೆ

ಇಲ್ಲೊಂದು ತಿರುವು ಇದೆ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ, ಆ ಹೊತ್ತು ವಿಶೇಷ ಕಾರ್ಯಾಚರಣೆಗೆ ಬಂದವರು ಹೈದರಾಲಿಯ ಕಡೆಯವರೇ! ದೊಡ್ಡ ಕೋಟೆಯೊಳಗೆ ಗುಟ್ಟಾಗಿ ನುಸುಳ್ತಿದ್ದ ಸಣ್ಣ ಗುಂಪು ಅದು.

ಅಮೆರಿಕದ ನೌಕಾಪಡೆಯ ಸೀಲ್ ಅಧಿಕಾರಿ ವಿಲಿಯಂ ಮೆಕ್‌ರೇವನ್ ಇಂಥ ದಾಳಿಗಳನ್ನು ಅಧ್ಯಯನ ಮಾಡಿ 1995ರಲ್ಲಿ ಪುಸ್ತಕ ತಂದರು. 2011ರ ಅಬೋಟಾಬಾದ್ ದಾಳಿಯ ಉಸ್ತುವಾರಿ ಹೊತ್ತವರೂ ಅವರೇ. ಚಿಕ್ಕ ಪಡೆ ದೊಡ್ಡ ಪಡೆಯ ಮೇಲೆ ಒಂದು ಜಾಗದಲ್ಲಿ, ಸ್ವಲ್ಪ ಹೊತ್ತು ಮಾತ್ರ ಮೇಲುಗೈ ಪಡೆಯುತ್ತೆ, ಆ ಮೇಲುಗೈ ಸಿಗುವ ಮೊದಲಿನ ಕ್ಷಣಗಳೇ ಅತ್ಯಂತ ಅಪಾಯದವು ಅನ್ನೋದು ಅವರ ವಾದ. ಅದಕ್ಕೆ ಬೇಕಾದ ಆರು ಗುಣ: ಸರಳ ಯೋಜನೆ, ಗುಟ್ಟು, ಮತ್ತೆ ಮತ್ತೆ ಅಭ್ಯಾಸ, ಅನಿರೀಕ್ಷಿತ ಹೊಡೆತ, ವೇಗ, ಸ್ಪಷ್ಟ ಗುರಿ.

ಅವರು ಕೊಡುವ ಉದಾಹರಣೆಗಳಲ್ಲಿ ಒಂದು ಬೆಲ್ಜಿಯಂನ ಎಬೆನ್ ಎಮೇಲ್ ಕೋಟೆ. 1940ರ ಮೇ 10ರ ಬೆಳಗಿನ ಜಾವ, ನೂರಕ್ಕಿಂತ ಕಡಿಮೆ ಜರ್ಮನ್ ಸೈನಿಕರು ಎಂಜಿನ್ ಇಲ್ಲದ ಗ್ಲೈಡರ್‌ಗಳಲ್ಲಿ ಸದ್ದಿಲ್ಲದೆ ಆ ಕೋಟೆಯ ಮೇಲೆಯೇ ಇಳಿದರು. ಒಳಗಿದ್ದವರು ಅವರ ಹಲವು ಪಟ್ಟು. ಟೊಳ್ಳು ಆಕಾರದ ಸಿಡಿಮದ್ದಿನಿಂದ ಉಕ್ಕಿನ ಗುಮ್ಮಟಗಳನ್ನು ಒಡೆದು ತೋಪುಗಳನ್ನು ಕೆಡಿಸಿದರು. ತಂಡದ ನಾಯಕನ ಗ್ಲೈಡರ್ ದಾರಿಯಲ್ಲೇ ಹಗ್ಗ ಕಡಿದು ಬೇರೆಲ್ಲೋ ಇಳಿದಿತ್ತು. ಆದರೂ ಕೆಲಸ ನಿಲ್ಲಲಿಲ್ಲ, ಯಾಕಂದ್ರೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದರು. ಮಾರನೇ ದಿನ ಹೊರಗಿನಿಂದ ಮುಖ್ಯ ಸೈನ್ಯ ಬಂದು ಸೇರಿತು, ಕೋಟೆ ಶರಣಾಯಿತು. ಅಲ್ಲೂ ಅದೇ: ಚಿಕ್ಕ ತಂಡ, ಕೊನೆಗೊಂದು ದೊಡ್ಡ ಸಹಾಯ.

ದುರ್ಗದಲ್ಲಿ ನುಸುಳಿದವರಿಗೆ ಗುಟ್ಟು ಇತ್ತು, ಗುರಿಯೂ ಇತ್ತು. ವೇಗ ಇರಲಿಲ್ಲ, ಕಿಂಡಿ ಅದಕ್ಕೆ ಬಿಡಲಿಲ್ಲ. ಅವರ ಅತ್ಯಂತ ಅಪಾಯದ ಕ್ಷಣದಲ್ಲಿ, ತಲೆ ಒಳಗೆ ಮೈ ಹೊರಗೆ ಇದ್ದಾಗ, ಓಬವ್ವ ಎದುರಾದಳು. ಅಂದ್ರೆ ಕಿಂಡಿ ಯಾರ ಪಕ್ಷವೂ ಅಲ್ಲ. ಮೊದಲು ಎಚ್ಚೆತ್ತವರ ಪಕ್ಷ.

ಲೆಕ್ಕದ ಕೊನೆಯ ಸಾಲು

ಇಷ್ಟೆಲ್ಲ ಬರೆದು ತೋರಿಸಿದಾಗ ನಮ್ಮ ಗೆಳೆಯ ಖುಷಿಯಾದ. ಅಜ್ಜಿ ಮಾತ್ರ ಸುಮ್ಮನೆ ಕೇಳಿ, "ಆವತ್ತು ಓಬವ್ವನೂ ಉಳೀಲಿಲ್ಲ, ಆಮೇಲೆ ದುರ್ಗನೂ ಉಳೀಲಿಲ್ಲ. ಅದನ್ನೂ ಬರ್ಕಳ್ರಪ್ಪಾ" ಅಂದ್ರು.

ನಿಜ. ಅದೇ ದಿನ ಓಬವ್ವ ತೀರಿಕೊಂಡಳು ಅಂತ ಕಥೆ ಹೇಳುತ್ತೆ. 1779ರಲ್ಲಿ ಚಿತ್ರದುರ್ಗ ಹೈದರಾಲಿಯ ವಶವಾಯಿತು, ಮದಕರಿ ನಾಯಕ ಶ್ರೀರಂಗಪಟ್ಟಣದಲ್ಲಿ ಸೆರೆಯಾದ. ಕಿಂಡಿಯಲ್ಲಿ ಗೆದ್ದ ಮಾತ್ರಕ್ಕೆ ಯುದ್ಧ ಗೆದ್ದಂತಲ್ಲ. ಚಿಕ್ಕ ತಂಡ ಒಂದು ಜಾಗ, ಒಂದು ಗಳಿಗೆ ಗೆದ್ದು ಕೊಡಬಹುದು. ಅದನ್ನು ಉಳಿಸಿಕೊಳ್ಳೋದು ಹಿಂದೆ ನಿಂತ ಇಡೀ ವ್ಯವಸ್ಥೆಯ ಕೆಲಸ: ಸುದ್ದಿ, ಮದ್ದುಗುಂಡು, ಅನ್ನ, ನೀರು, ನಂಬಿಕಸ್ಥ ಜನ. ಆ ವ್ಯವಸ್ಥೆ ಸೋತರೆ ತಂಡದ ಶೌರ್ಯಕ್ಕೆ ಗುಡಿ ಕಟ್ಟಬಹುದು, ಕೋಟೆ ವಾಪಸ್ ಬರಲ್ಲ.

ಮಾರನೇ ದಿನ ಬೆಳಿಗ್ಗೆ ನಾವು ಹೊರಡೋ ಹೊತ್ತಿಗೆ ಗೆಳೆಯ ತನ್ನ ಸಂದರ್ಶನದ ನೋಟ್‌ಬುಕ್ ತೆಗೆದಿದ್ದ. ಮೊದಲ ಪುಟದಲ್ಲಿದ್ದ ಕಮಾಂಡೊ ಚಿತ್ರದ ಕೆಳಗೆ ಎರಡು ಪ್ರಶ್ನೆ ಬರೆದುಕೊಂಡಿದ್ದ: 'ಕಿಂಡಿ ಎಲ್ಲಿ? ಕಹಳೆ ಯಾರ ಹತ್ರ?'

ನಿಮಗೊಂದು ಮನೆಗೆಲಸ. ಒಬ್ಬರ ಮೇಲೆ ಒಬ್ಬನ ಬದಲು, ಕಿಂಡಿ ಇಬ್ಬರು ಒಟ್ಟಿಗೆ ಬರುವಷ್ಟು ಅಗಲ ಇತ್ತು ಅಂದ್ಕೊಳ್ಳಿ. ಕಹಳೆ ಎಷ್ಟು ಬೇಗ ಕೇಳಿಸಬೇಕಿತ್ತು? ಲೆಕ್ಕ ಮಾಡಿ ಬಳಗಕ್ಕೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ.