ಸಣ್ಣ ವಿದ್ಯಾಲಯ, ದೊಡ್ಡ ಸಂಶೋಧನೆ: ಟಸ್ಕೀಗಿ ಕಲಿಸುವ ಪಾಠ

ಕೃಷಿ ಸಂಶೋಧನೆ ಎಂದೊಡನೆ ದೊಡ್ಡ ಕಟ್ಟಡಗಳು, ಬೆಲೆಬಾಳುವ ಉಪಕರಣಗಳು, ವಿಶಾಲವಾದ ಪ್ರಯೋಗ ತಾಕುಗಳು ಕಣ್ಣ ಮುಂದೆ ಬರುವುದು ಸಹಜ. ಆದರೆ ಸಂಶೋಧನೆಯ ಬೆಲೆಯನ್ನು ಕಟ್ಟಡದಿಂದ ಅಳೆಯಲಾಗದು. ಅದು ಯಾರ ಕಷ್ಟವನ್ನು ಪ್ರಶ್ನೆಯಾಗಿ ಎತ್ತಿಕೊಂಡಿತು, ದೊರೆತ ಉತ್ತರ ಅವರ ಮನೆ ಬಾಗಿಲಿಗೆ ತಲುಪಿತೇ ಎಂಬುದೇ ನಿಜವಾದ ಅಳತೆಗೋಲು. ಅಮೆರಿಕಾ ಸಂಯುಕ್ತ ಸಂಸ್ಥಾನದ ಅಲಬಾಮ ರಾಜ್ಯದಲ್ಲಿರುವ ಟಸ್ಕೀಗಿ ಎಂಬ ಸಣ್ಣ ವಿದ್ಯಾಲಯದ ಇತಿಹಾಸ ಇದಕ್ಕೆ ಒಳ್ಳೆಯ ನಿದರ್ಶನ. ಮಣ್ಣು, ಬೆಳೆ, ಆಹಾರ, ಜೀವಕೋಶ ಮುಂತಾದ ವಿಷಯಗಳಲ್ಲಿ ಅಲ್ಲಿ ನಡೆದ ಕೆಲಸವನ್ನೂ, ಅದೇ ಸೀಮೆಯಲ್ಲಿ ಸಂಶೋಧನೆಯ ಹೆಸರಿನಲ್ಲಿ ನಡೆದ ಒಂದು ದೊಡ್ಡ ಅನ್ಯಾಯವನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಅಮೆರಿಕಾದಲ್ಲಿ ಗುಲಾಮಗಿರಿ 1865ರಲ್ಲಿ ಕೊನೆಗೊಂಡಿತು. ಬಿಡುಗಡೆ ಹೊಂದಿದ ಕಪ್ಪು ಜನರಿಗೆ ಸ್ವಾತಂತ್ರ್ಯ ದೊರೆಯಿತೇ ಹೊರತು ಭೂಮಿ ದೊರೆಯಲಿಲ್ಲ. ಬಹುಪಾಲು ಮಂದಿ ಹಳೆಯ ಒಡೆಯರ ಹೊಲಗಳನ್ನೇ ಪಾಲಿಗೆ ಸಾಗುವಳಿ ಮಾಡತೊಡಗಿದರು. ನಮ್ಮ ಕಡೆಯ ವಾರ ಅಥವಾ ಕೋರು ಪದ್ಧತಿಯನ್ನು ಹೋಲುವ ಈ ವ್ಯವಸ್ಥೆಯಲ್ಲಿ ಬೆಳೆಯ ದೊಡ್ಡ ಪಾಲು ಒಡೆಯನಿಗೆ ಸೇರುತ್ತಿತ್ತು. ಬೀಜ, ಗೊಬ್ಬರ, ದಿನಸಿ ಎಲ್ಲವೂ ಮುಂಬರುವ ಬೆಳೆಯ ಮೇಲಿನ ಸಾಲ. ಸಾಲ ಕೊಟ್ಟವರು ಹತ್ತಿಯನ್ನೇ ಬೆಳೆಯಬೇಕೆಂದು ಒತ್ತಾಯಿಸುತ್ತಿದ್ದರು. ವರ್ಷವರ್ಷವೂ ಹತ್ತಿಯ ಮೇಲೆ ಹತ್ತಿ. ವರ್ಷವರ್ಷವೂ ಸಾಲದ ಮೇಲೆ ಸಾಲ.

ಇಂಥ ಸೀಮೆಯಲ್ಲಿ 1881ರ ಜುಲೈ 4ರಂದು ಟಸ್ಕೀಗಿ ಶಾಲೆ ಪ್ರಾರಂಭವಾಯಿತು. ಇದರ ಮೊದಲ ಮುಖ್ಯಸ್ಥರಾದ ಬುಕರ್ ಟಿ. ವಾಷಿಂಗ್ಟನ್ ಅವರು ಸ್ವತಃ ಗುಲಾಮರಾಗಿ ಹುಟ್ಟಿದವರು. ಶಿಕ್ಷಕರ ಸಂಬಳಕ್ಕಾಗಿ ರಾಜ್ಯ ಸರ್ಕಾರ ವರ್ಷಕ್ಕೆ 2,000 ಡಾಲರು ಮಂಜೂರು ಮಾಡಿತ್ತು. ಕಟ್ಟಡಕ್ಕೆ ಬೇಕಾದ ಇಟ್ಟಿಗೆಯನ್ನು ವಿದ್ಯಾರ್ಥಿಗಳೇ ಸುಟ್ಟು, ಗೋಡೆಗಳನ್ನೂ ತಾವೇ ಕಟ್ಟಿದರು.

ಕಸದ ಗುಂಡಿಯಿಂದ ಬಂದ ಪ್ರಯೋಗಶಾಲೆ

1896ರಲ್ಲಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಎಂಬ ಸಸ್ಯಶಾಸ್ತ್ರಜ್ಞರು ಟಸ್ಕೀಗಿಯ ಕೃಷಿ ವಿಭಾಗದ ಹೊಣೆ ವಹಿಸಿಕೊಂಡರು. ಇವರೂ ಗುಲಾಮರ ಮಗನಾಗಿ ಹುಟ್ಟಿ, ಅಯೋವಾದ ಕೃಷಿ ಕಾಲೇಜಿನಲ್ಲಿ ಸ್ನಾತಕೋತ್ತರ ಪದವಿ ಪಡೆದಿದ್ದರು. ಮರುವರ್ಷ, ಅಂದರೆ 1897ರಲ್ಲಿ, ಅಲ್ಲಿ ಕೃಷಿ ಪ್ರಯೋಗ ಕೇಂದ್ರ ಸ್ಥಾಪನೆಯಾಯಿತು. ಅದಕ್ಕೆ ದೊರೆತ ವಾರ್ಷಿಕ ಅನುದಾನ 1,500 ಡಾಲರು. 1887ರ ಕಾಯಿದೆಯಂತೆ ಪ್ರತಿ ರಾಜ್ಯದ ಪ್ರಯೋಗ ಕೇಂದ್ರಕ್ಕೆ ಕೇಂದ್ರ ಸರ್ಕಾರ ವರ್ಷಕ್ಕೆ 15,000 ಡಾಲರು ಕೊಡುತ್ತಿತ್ತು. ಅಂದರೆ ಟಸ್ಕೀಗಿಗೆ ಸಿಕ್ಕಿದ್ದು ಅದರ ಹತ್ತನೆಯ ಒಂದು ಪಾಲು.

ಪ್ರಯೋಗಶಾಲೆಗೆ ಉಪಕರಣಗಳೇ ಇರಲಿಲ್ಲ. ಕಾರ್ವರ್ ಅವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಕಸದ ಗುಂಡಿಗಳಲ್ಲಿ ಬಿದ್ದಿದ್ದ ಸೀಸೆ, ಜಾಡಿ, ತಂತಿಗಳನ್ನು ಆರಿಸಿ ತಂದು ಉಪಕರಣಗಳನ್ನಾಗಿ ಮಾಡಿಕೊಂಡರು. ಹಣದ ಕೊರತೆಯಿಂದ ಕೇಂದ್ರ ಕೆಲಸ ನಿಲ್ಲಿಸಲಿಲ್ಲ. ಬದಲಾಗಿ, ಬಡ ಸಾಗುವಳಿದಾರನಿಗೆ ಹಣವಿಲ್ಲದೆ ಮಾಡಲು ಸಾಧ್ಯವಾದದ್ದು ಯಾವುದು ಎಂಬುದನ್ನೇ ಸಂಶೋಧನೆಯ ವಿಷಯವನ್ನಾಗಿ ಆರಿಸಿಕೊಂಡಿತು.

ಸೋತ ಮಣ್ಣಿಗೆ ಮರುಜೀವ

ಹತ್ತಿಯ ಅರಳೆ ಮಣ್ಣಿನಿಂದ ಬಹಳ ಪೋಷಕಾಂಶಗಳನ್ನು ಒಯ್ಯುವುದಿಲ್ಲ. ಬೀಜದಲ್ಲಿ ಹೋಗುವ ಸಾರಜನಕವೇ ಹೆಚ್ಚು. ಆದರೆ ಇವೆರಡಕ್ಕಿಂತ ಹೆಚ್ಚಿನ ಹಾನಿ ಬೇರೆಡೆ ಇತ್ತು. ಅಗಲ ಸಾಲುಗಳ ನಡುವಿನ ಬರಿ ನೆಲದ ಮೇಲೆ ಮಳೆ ಬಿದ್ದು ಮೇಲ್ಮಣ್ಣು ಕೊಚ್ಚಿಹೋಗುತ್ತಿತ್ತು. ಸಾವಯವ ಪದಾರ್ಥ ಮರಳಿ ಸೇರುತ್ತಿರಲಿಲ್ಲ. ಹೊಲಗಳಲ್ಲಿ ಕೊರಕಲು ಬಿದ್ದಿದ್ದವು.

ದ್ವಿದಳ ಸಸ್ಯಗಳ ಬೇರುಗಂಟುಗಳಲ್ಲಿರುವ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ ಎಂಬ ಸಂಗತಿ ಜರ್ಮನಿಯಲ್ಲಿ ಸಿದ್ಧವಾದದ್ದು 1886-88ರಲ್ಲಿ. ಹತ್ತೇ ವರ್ಷಗಳಲ್ಲಿ ಈ ಹೊಸ ತಿಳಿವಳಿಕೆಯನ್ನು ಟಸ್ಕೀಗಿ ಬಡವರ ಹೊಲಕ್ಕೆ ತಂದಿತು. ಅಲ್ಲಿ ಶಿಫಾರಸು ಮಾಡಲಾದ ಮುಖ್ಯ ಕ್ರಮಗಳು ಇವು:

1. ಹತ್ತಿಯ ನಂತರ ಅಲಸಂದೆ, ನೆಲಗಡಲೆಯಂತಹ ದ್ವಿದಳ ಬೆಳೆಯನ್ನು ಪರಿವರ್ತನೆಯಾಗಿ ಬೆಳೆಯುವುದು.

2. ಕಾಡಿನ ತರಗೆಲೆ, ಜೌಗಿನ ಕಪ್ಪು ಮಣ್ಣು, ಕೊಟ್ಟಿಗೆಯ ಕಸ ಇವುಗಳನ್ನು ಒಡ್ಡಿ ಕೊಳೆಸಿ ಗೊಬ್ಬರ ಮಾಡುವುದು.

3. ಆಳವಾಗಿ ಉಳುವುದು ಮತ್ತು ಇಳಿಜಾರಿನಲ್ಲಿ ನೀರು ಹರಿದು ಮಣ್ಣು ಕೊಚ್ಚದಂತೆ ತಡೆಯುವುದು.

ಅಲಸಂದೆಯ ಬಗ್ಗೆ 1903ರಲ್ಲಿ, ಸೋತ ಮಣ್ಣನ್ನು ಸುಧಾರಿಸುವ ಬಗ್ಗೆ 1905ರಲ್ಲಿ ಕೇಂದ್ರದಿಂದ ಪ್ರತ್ಯೇಕ ಪುಸ್ತಿಕೆಗಳು ಹೊರಬಂದವು.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಿರಬೇಕು. ದ್ವಿದಳ ಬೆಳೆ ಹಾಕಿದ ಮಾತ್ರಕ್ಕೆ ಮಣ್ಣು ಫಲವತ್ತಾಗುವುದಿಲ್ಲ. ಕಾಯಿಯನ್ನೂ ಬಳ್ಳಿಯನ್ನೂ ಹೊಲದಿಂದ ಪೂರ್ತಿ ಸಾಗಿಸಿದರೆ ಗಂಟುಗಳು ಗಳಿಸಿದ ಸಾರಜನಕದ ಬಹುಭಾಗವೂ ಅವುಗಳೊಡನೆ ಹೋಗುತ್ತದೆ. ಹೊಟ್ಟು ದನಕ್ಕೆ ಹಾಕಿದರೆ ಸಗಣಿಯಾದರೂ ಹೊಲಕ್ಕೆ ಮರಳಬೇಕು. ಅಲ್ಲದೆ ಬೇರುಗಂಟುಗಳು ರಂಜಕವನ್ನಾಗಲಿ ಪೊಟ್ಯಾಷನ್ನಾಗಲಿ ಒದಗಿಸಲಾರವು. ಗಂಟುಗಳು ಕೆಲಸ ಮಾಡುತ್ತಿವೆಯೇ ಎಂದು ನೋಡಲು ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಬೇರು ಸಹಿತ ಅಗೆದು, ಗಂಟನ್ನು ಉಗುರಿನಿಂದ ಸೀಳಬೇಕು. ಒಳಗೆ ನಸುಗೆಂಪು ಬಣ್ಣವಿದ್ದರೆ ಸಾರಜನಕ ಸ್ಥಿರೀಕರಣ ನಡೆಯುತ್ತಿದೆ ಎಂದರ್ಥ.

ಮಣ್ಣಿನಿಂದ ಊಟದ ತಟ್ಟೆಗೆ

ಪಾಲು ಸಾಗುವಳಿದಾರರ ಮನೆಯ ಊಟ ಮೆಕ್ಕೆಜೋಳದ ಹಿಟ್ಟು, ಹಂದಿಯ ಕೊಬ್ಬು ಮತ್ತು ಕಾಕಂಬಿಗಳಿಗೆ ಸೀಮಿತವಾಗಿತ್ತು. ಹತ್ತಿಯ ಸಾಲುಗಳು ಮನೆಯ ಬಾಗಿಲವರೆಗೂ ಬಂದಿದ್ದುದರಿಂದ ತರಕಾರಿಗೆ ಜಾಗವೇ ಇರಲಿಲ್ಲ. ಇಂತಹ ಊಟದಿಂದ ದಕ್ಷಿಣ ರಾಜ್ಯಗಳಲ್ಲಿ ಪೆಲಾಗ್ರ ಎಂಬ ರೋಗ ಹರಡಿತ್ತು. ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಬುದ್ಧಿಭ್ರಮಣೆ ಇದರ ಲಕ್ಷಣಗಳು. ಇದು ಅಂಟುರೋಗವಲ್ಲ, ಆಹಾರದ ಕೊರತೆಯಿಂದ ಬರುವಂಥದ್ದು ಎಂದು ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ಅವರು 1914ರ ನಂತರ ತೋರಿಸಿಕೊಟ್ಟರು. ಕೊರತೆಯಾಗಿದ್ದ ಅಂಶ ನಯಾಸಿನ್ ಎಂದು 1937ರಲ್ಲಿ ತಿಳಿಯಿತು. ದಖನ್ನಿನಲ್ಲಿ ಜೋಳವನ್ನೇ ನೆಚ್ಚಿದ ಬಡ ಕುಟುಂಬಗಳಲ್ಲೂ ಈ ರೋಗ ಇದ್ದುದನ್ನು ಹೈದರಾಬಾದಿನ ಪೋಷಣಾ ವಿಜ್ಞಾನಿಗಳು 1960ರ ಸುಮಾರಿಗೆ ವರದಿ ಮಾಡಿದ್ದಾರೆ.

ನೆಲಗಡಲೆಯಲ್ಲಿ ಸಸಾರಜನಕ, ಎಣ್ಣೆಗಳ ಜೊತೆಗೆ ನಯಾಸಿನ್ ಕೂಡ ಧಾರಾಳವಾಗಿದೆ. ಹೀಗೆ ಮಣ್ಣಿಗಾಗಿ ಆರಿಸಿದ ಬೆಳೆಯೇ ಮೈಗೂ ಬೇಕಾದ ಬೆಳೆಯಾಯಿತು. ಗೆಣಸು ದ್ವಿದಳವಲ್ಲದಿದ್ದರೂ ಸಪ್ಪೆ ಮಣ್ಣಿನಲ್ಲಿ ಬಂದು ಹೊಟ್ಟೆ ತುಂಬಿಸುತ್ತದೆ. ಮಣ್ಣುಶಾಸ್ತ್ರ, ಬೇಸಾಯಶಾಸ್ತ್ರ, ಗೃಹವಿಜ್ಞಾನ ಇವು ಬೇರೆ ಬೇರೆ ಕೋಣೆಗಳಲ್ಲಿ ಕುಳಿತಿದ್ದರೆ ಈ ಸಂಬಂಧ ಕಾಣುತ್ತಿರಲಿಲ್ಲ.

ಪುಸ್ತಿಕೆ ಮತ್ತು ಬಂಡಿ

ಕೇಂದ್ರದ ಮೊದಲ ಪುಸ್ತಿಕೆ 1898ರಲ್ಲಿ ಪ್ರಕಟವಾಯಿತು. ಅದರ ವಿಷಯ, ಕಾಡಿನಲ್ಲಿ ಪುಕ್ಕಟೆಯಾಗಿ ಸಿಗುವ ಓಕ್ ಮರದ ಕಾಯಿಯನ್ನು ಹಂದಿಗಳಿಗೆ ಮೇವಾಗಿ ಬಳಸುವುದು. 1916ರಲ್ಲಿ ಬಂದ ನೆಲಗಡಲೆಯ ಪುಸ್ತಿಕೆಯಲ್ಲಿ ಬೇಸಾಯ ಕ್ರಮದ ಜೊತೆಗೆ 105 ಅಡಿಗೆ ವಿಧಾನಗಳನ್ನು ಕೊಡಲಾಗಿತ್ತು. ಬೆಳೆ ಹೇಗೆ ಬೆಳೆಯಬೇಕೆಂದು ಹೇಳಿ, ಬೆಳೆದದ್ದನ್ನು ಏನು ಮಾಡಬೇಕೆಂದು ಹೇಳದಿದ್ದರೆ ಸಲಹೆ ಅರ್ಧವಾಗುತ್ತದೆ ಎಂಬ ಅರಿವು ಇದರಲ್ಲಿ ಕಾಣುತ್ತದೆ.

ಓದು ಬಾರದವರಿಗಾಗಿ 1892ರಿಂದಲೇ ಪ್ರತಿವರ್ಷ ರೈತರ ಸಮಾವೇಶ ನಡೆಯುತ್ತಿತ್ತು. ಸಮಾವೇಶಕ್ಕೂ ಬರಲಾಗದವರಿಗಾಗಿ 1906ರಲ್ಲಿ ಕುದುರೆ ಬಂಡಿಯೊಂದು ಸಿದ್ಧವಾಯಿತು. ಹಣ ನೀಡಿದ ಮಾರಿಸ್ ಜೆಸಪ್ ಅವರ ಹೆಸರಿನಿಂದ ಇದು ಜೆಸಪ್ ಬಂಡಿ ಎಂದು ಹೆಸರಾಯಿತು. ನೇಗಿಲು, ಬೀಜ, ಹೈನಿನ ಸಲಕರಣೆಗಳನ್ನು ಹೊತ್ತು ಅದು ಹಳ್ಳಿಗಳಿಗೆ ಹೋಗಿ, ಅವರವರ ಹೊಲದಲ್ಲೇ ಪ್ರಾತ್ಯಕ್ಷಿಕೆ ನಡೆಸುತ್ತಿತ್ತು. ಅದೇ ವರ್ಷ ಟಸ್ಕೀಗಿಯ ವಿದ್ಯಾರ್ಥಿ ಥಾಮಸ್ ಕ್ಯಾಂಬೆಲ್ ಅವರು ಅಮೆರಿಕಾದ ಕೃಷಿ ಇಲಾಖೆಯ ಮೊದಲ ಕಪ್ಪು ವಿಸ್ತರಣಾ ಕಾರ್ಯಕರ್ತರಾಗಿ ನೇಮಕಗೊಂಡರು. ಮುಂದೆ ಬಂಡಿಯ ಬದಲು ಮೋಟಾರು ಲಾರಿ ಬಂದಾಗ ಕೃಷಿ ಕಾರ್ಯಕರ್ತರ ಜೊತೆ ಗೃಹವಿಜ್ಞಾನ ಕಾರ್ಯಕರ್ತೆಯೂ ದಾದಿಯೂ ಹೊರಟರು. ರಾಷ್ಟ್ರದಾದ್ಯಂತ ವಿಸ್ತರಣಾ ಸೇವೆಯನ್ನು ಸ್ಥಾಪಿಸಿದ ಕಾಯಿದೆ ಬಂದದ್ದು 1914ರಲ್ಲಿ. ಬಂಡಿ ಹೊರಟ ಎಂಟು ವರ್ಷಗಳ ನಂತರ.

ಮೂತಿಹುಳು ಕಲಿಸಿದ್ದು

1892ರಲ್ಲಿ ಮೆಕ್ಸಿಕೋ ಕಡೆಯಿಂದ ಟೆಕ್ಸಸ್ಸಿಗೆ ಕಾಲಿಟ್ಟ ಹತ್ತಿಯ ಮೂತಿಹುಳು 1910ರಲ್ಲಿ ಅಲಬಾಮ ತಲುಪಿತು. ಇದು ಭಾರತದಲ್ಲಿ ಕಾಣುವ ಕಾಯಿಕೊರಕವಲ್ಲ; ಜೀರುಂಡೆಗಳ ಗುಂಪಿಗೆ ಸೇರಿದ ಕೀಟ. ಹತ್ತಿಯ ಮೊಗ್ಗು, ಕಾಯಿಗಳನ್ನು ಇದು ನಾಶ ಮಾಡಿತು. ಆಗ ಅನೇಕ ರೈತರು ನೆಲಗಡಲೆಗೆ ತಿರುಗಿದರು. ಎಂಟರ್‌ಪ್ರೈಸ್ ಎಂಬ ಊರಿನವರು, ಬೆಳೆ ಬದಲಿಸುವಂತೆ ಮಾಡಿದ್ದಕ್ಕಾಗಿ 1919ರಲ್ಲಿ ಈ ಹುಳುವಿಗೇ ಸ್ಮಾರಕ ನಿಲ್ಲಿಸಿದರು!

ಕಾರ್ವರ್ ಅವರ ಬಗ್ಗೆ ಕೆಲವು ಉತ್ಪ್ರೇಕ್ಷೆಗಳೂ ಬೆಳೆದಿವೆ. ನೆಲಗಡಲೆ ಬೆಣ್ಣೆಯನ್ನು ಕಂಡುಹಿಡಿದವರು ಅವರಲ್ಲ. ಅವರು ಪಟ್ಟಿ ಮಾಡಿದ ನೂರಾರು ಉತ್ಪನ್ನಗಳಲ್ಲಿ ಮಾರುಕಟ್ಟೆಯಲ್ಲಿ ನಿಂತವು ತೀರ ಕಡಿಮೆ. ದಕ್ಷಿಣದ ಬೇಸಾಯವನ್ನು ಅವರೊಬ್ಬರೇ ಬದಲಿಸಿದರು ಎನ್ನುವುದೂ ಸರಿಯಲ್ಲ. ಹುಳು, ಎಣ್ಣೆ ಗಿರಣಿ, ಬೆಲೆ ಎಲ್ಲವೂ ಸೇರಿ ಬದಲಾವಣೆ ತಂದವು. ಇನ್ನೊಂದು ಕಹಿ ಸತ್ಯವೂ ಇದೆ. ಭೂಮಿ ತನ್ನದಲ್ಲದ, ಬೆಳೆಯ ಆಯ್ಕೆಯೂ ತನ್ನದಲ್ಲದ ಸಾಗುವಳಿದಾರ ಒಳ್ಳೆಯ ಸಲಹೆಯನ್ನು ಒಪ್ಪಿದರೂ ಪಾಲಿಸಲಾರದೆ ಹೋದ. ಮಣ್ಣಿನ ಪರೀಕ್ಷೆ ಸಾಲದ ಪತ್ರವನ್ನು ಅಳಿಸಲಾರದು.

ಸಸ್ಯಶಾಸ್ತ್ರಜ್ಞ ಬೆಳೆಸಿದ ಮನುಷ್ಯನ ಕೋಶ

ಕಾರ್ವರ್ ಅವರು 1943ರಲ್ಲಿ ತೀರಿಕೊಂಡರು. ತಮ್ಮ ಉಳಿತಾಯದ ಹಣವನ್ನು ಅವರು ಸಂಶೋಧನಾ ಪ್ರತಿಷ್ಠಾನವೊಂದಕ್ಕೆ ಬಿಟ್ಟುಹೋದರು. ಪೋಲಿಯೋ ಲಸಿಕೆಯನ್ನು ಪರೀಕ್ಷಿಸಲು 1953ರಲ್ಲಿ ಅಪಾರ ಪ್ರಮಾಣದ ಮನುಷ್ಯ ಜೀವಕೋಶಗಳು ಬೇಕಾದಾಗ ಆ ಹೊಣೆ ಈ ಪ್ರತಿಷ್ಠಾನಕ್ಕೆ ಬಂತು. ರಸೆಲ್ ಬ್ರೌನ್ ಮತ್ತು ಜೇಮ್ಸ್ ಹೆಂಡರ್‌ಸನ್ ಇದರ ನೇತೃತ್ವ ವಹಿಸಿದರು. ಹೆಂಡರ್‌ಸನ್ ಅವರು ಸಸ್ಯ ಶರೀರಕ್ರಿಯಾ ವಿಜ್ಞಾನಿ ಎಂಬುದು ಗಮನಾರ್ಹ. 1955ರ ಹೊತ್ತಿಗೆ ಸುಮಾರು 6 ಲಕ್ಷ ಕೋಶ ಕೃಷಿಕೆಗಳು ಟಸ್ಕೀಗಿಯಿಂದ ದೇಶದ ಪ್ರಯೋಗಶಾಲೆಗಳಿಗೆ ಹೋದವು. ಅದೇ ವರ್ಷ ಏಪ್ರಿಲ್ 12ರಂದು ಸಾಲ್ಕ್ ಲಸಿಕೆ ಪರಿಣಾಮಕಾರಿ ಎಂದು ಪ್ರಕಟವಾಯಿತು.

ಆದರೆ ಆ ಕೋಶಗಳು ಹೆನ್ರಿಯೆಟಾ ಲ್ಯಾಕ್ಸ್ ಎಂಬ, ತಂಬಾಕು ಬೆಳೆಯುವ ಕುಟುಂಬದ ಬಡ ಹೆಂಗಸಿನವು. 1951ರಲ್ಲಿ ಆಕೆ ಬಾಲ್ಟಿಮೋರಿನ ಆಸ್ಪತ್ರೆಯೊಂದರಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾಗ ಅವನ್ನು ಆಕೆಯ ಅನುಮತಿಯಿಲ್ಲದೆ ತೆಗೆಯಲಾಗಿತ್ತು.

ಮರೆಯಬಾರದ ಅನ್ಯಾಯ

ಇದಕ್ಕೂ ಘೋರವಾದದ್ದು ಟಸ್ಕೀಗಿಯ ಸುತ್ತಲಿನ ಹಳ್ಳಿಗಳಲ್ಲೇ ನಡೆಯಿತು. ಅಮೆರಿಕಾದ ಸಾರ್ವಜನಿಕ ಆರೋಗ್ಯ ಸೇವೆ 1932ರಲ್ಲಿ ಸುಮಾರು 600 ಕಪ್ಪು ಗಂಡಸರ ಮೇಲೆ ಸಿಫಿಲಿಸ್ ರೋಗದ ಅಧ್ಯಯನ ಆರಂಭಿಸಿತು. ಅವರಲ್ಲಿ 399 ಮಂದಿಗೆ ಮೊದಲೇ ರೋಗವಿತ್ತು. ಬಹುತೇಕ ಎಲ್ಲರೂ ಬಡ ಪಾಲು ಸಾಗುವಳಿದಾರರು. ವಿದ್ಯಾಲಯದ ಆಸ್ಪತ್ರೆಯೂ ಇದಕ್ಕೆ ಸಹಕರಿಸಿತು. ರೋಗವನ್ನು ಚುಚ್ಚಿ ಹಾಕಲಾಯಿತೆಂಬ ಮಾತು ನಿಜವಲ್ಲ. ನಿಜವಾದ ಸಂಗತಿಯೇ ಸಾಕಷ್ಟು ಕ್ರೂರವಾಗಿದೆ: ‘ಕೆಟ್ಟ ರಕ್ತ’ಕ್ಕೆ ಔಷಧ ಕೊಡುತ್ತೇವೆಂದು ನಂಬಿಸಿ, ಚಿಕಿತ್ಸೆ ಕೊಡದೆ, ರೋಗ ಹೇಗೆ ಬೆಳೆಯುತ್ತದೆಂದು ನೋಡುತ್ತ ಕೂರಲಾಯಿತು. 1947ರ ಹೊತ್ತಿಗೆ ಪೆನಿಸಿಲಿನ್ ಈ ರೋಗದ ಸಾಮಾನ್ಯ ಮದ್ದಾಗಿದ್ದರೂ ಅವರಿಗೆ ಕೊಡಲಿಲ್ಲ. 1972ರಲ್ಲಿ ಪತ್ರಿಕೆಗಳು ಬಯಲಿಗೆಳೆದ ಮೇಲೆ ಅದು ನಿಂತಿತು. ಮನುಷ್ಯರ ಮೇಲಿನ ಸಂಶೋಧನೆಗೆ ಕಟ್ಟುಪಾಡು ವಿಧಿಸುವ ಕಾಯಿದೆ 1974ರಲ್ಲಿ ಬಂದಿತು. 1997ರಲ್ಲಿ ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೋರಿದರು.

ಒಂದೇ ಸೀಮೆಯ ಬಡವರು ಒಂದೆಡೆ ಸಂಶೋಧನೆಯ ಫಲಾನುಭವಿಗಳು. ಇನ್ನೊಂದೆಡೆ ಅದರ ಬಲಿಪಶುಗಳು. ವ್ಯತ್ಯಾಸವಿದ್ದದ್ದು ಉಪಕರಣದಲ್ಲಲ್ಲ, ಜನರಿಗೆ ನಿಜ ಹೇಳಿದರೇ ಇಲ್ಲವೇ ಎಂಬುದರಲ್ಲಿ.

ರೈತರಿಗೂ ಕಾರ್ಯಕರ್ತರಿಗೂ ಸೂಚನೆಗಳು

ಹೊಲದಲ್ಲಿ ಪ್ರಯೋಗ ತಾಕು ಅಥವಾ ಪ್ರಾತ್ಯಕ್ಷಿಕೆ ಏರ್ಪಡಿಸುವಾಗ ಕೆಳಗಿನ ಅಂಶಗಳನ್ನು ಗಮನಿಸಬೇಕು:

1. ಯಾವುದನ್ನು ಪರೀಕ್ಷಿಸಲಾಗುತ್ತಿದೆ, ಏಕೆ ಎಂಬುದನ್ನು ರೈತನಿಗೆ ಅವನ ಮಾತಿನಲ್ಲೇ ತಿಳಿಸಬೇಕು. ತಿಳಿಯದಿದ್ದರೆ ರೈತನು ಸಂಕೋಚವಿಲ್ಲದೆ ಕೇಳಬೇಕು.

2. ಬೆಳೆ ಕೆಟ್ಟರೆ ನಷ್ಟ ಯಾರದು ಎಂಬುದನ್ನು ಬಿತ್ತನೆಗೆ ಮುಂಚೆಯೇ ಬರವಣಿಗೆಯಲ್ಲಿ ತೀರ್ಮಾನಿಸಬೇಕು.

3. ಹೊಸ ಕ್ರಮದ ಪಕ್ಕದಲ್ಲೇ ರೈತನ ರೂಢಿಯ ಕ್ರಮದ ಸಾಲುಗಳೂ ಇರಬೇಕು. ಹೋಲಿಕೆಯಿಲ್ಲದೆ ಲಾಭ ಗೊತ್ತಾಗದು.

4. ಬೇಡವೆನಿಸಿದಾಗ ಹಿಂದೆ ಸರಿಯುವ ಸ್ವಾತಂತ್ರ್ಯ ರೈತನಿಗಿರಬೇಕು.

5. ಕೊಯ್ಲಿನ ನಂತರ ಇಳುವರಿ, ಖರ್ಚು, ಆದಾಯದ ಅಂಕಿ ಅಂಶಗಳನ್ನು ಮೊದಲು ಹೊಲದ ಒಡೆಯನಿಗೇ ತಿಳಿಸಬೇಕು. ಫಲಿತಾಂಶ ಕೆಟ್ಟದಾಗಿದ್ದರೂ ಮುಚ್ಚಿಡಬಾರದು.

1985ರಲ್ಲಿ ಟಸ್ಕೀಗಿ ವಿಶ್ವವಿದ್ಯಾಲಯವೆಂಬ ಹೆಸರು ಪಡೆಯಿತು. ಮರುವರ್ಷದಿಂದ ಅಲ್ಲಿನ ವಿಜ್ಞಾನಿಗಳು ಬಾಹ್ಯಾಕಾಶ ಯಾನಿಗಳ ಆಹಾರಕ್ಕಾಗಿ ಮಣ್ಣಿಲ್ಲದೆ, ಪೋಷಕ ದ್ರಾವಣದಲ್ಲಿ ಬೆಳೆಯುವ ಪ್ರಯೋಗ ಕೈಗೊಂಡರು. ಅದಕ್ಕೆ ಅವರು ಆರಿಸಿಕೊಂಡ ಬೆಳೆ, 1898ರಲ್ಲಿ ಅಲ್ಲಿನ ಬಡವರ ಹೊಲಕ್ಕೆಂದು ಪರೀಕ್ಷಿಸಿದ್ದ ಅದೇ ಗೆಣಸು.