ಜೀಪಿನ ಬೆನ್ನಿಗೆ ದೋಣಿ: ಎಳೆಯುವ ಮೊದಲು ತೂಗಿ

ಕುದುರಿನಲ್ಲಿ ತೋಟ ಇರುವವರಿಗೆ ದೋಣಿಯೇ ಎತ್ತಿನಗಾಡಿ. ಗೊಬ್ಬರ ಆಚೆ ಹೋಗಬೇಕಾದರೂ ತೆಂಗಿನಕಾಯಿ ಈಚೆ ಬರಬೇಕಾದರೂ ಅದೇ ಗತಿ. ಸ್ವರ್ಣಾ ಹೊಳೆಯ ನಡುವಿನ ಕುದುರೊಂದರಲ್ಲಿ ನಮಗೆ ಒಂದು ಎಕರೆ ತೆಂಗು ಉಂಟು. ಮನೆ ಇರುವುದು ಹೊಳೆಯಿಂದ 6 ಕಿ.ಮೀ. ಮೇಲೆ, ಮುರಕಲ್ಲು ಗುಡ್ಡೆಯ ಆಚೆ. ಮಳೆಗಾಲಕ್ಕೆ ಮೊದಲು ದೋಣಿ ಮನೆಯಂಗಳ ಸೇರಬೇಕು, ನೆರೆ ಇಳಿದ ಮೇಲೆ ಪುನಃ ಹೊಳೆಗೆ. ನಡುವೆ ತಳ ಸೀಳಿದರೆ ರಿಪೇರಿಗೆ ಮಲ್ಪೆ ಕಡೆಗೆ.

ಮೊದಲೆಲ್ಲ ಇದಕ್ಕೆ ಲಾರಿ ಕರೆಯುತ್ತಿದ್ದೆವು. ಲಾರಿಗೆ ಬಾಡಿಗೆ, ಎತ್ತರದ ಬಾಡಿಗೆ ದೋಣಿ ಎತ್ತಿಡಲು ಆರು ಆಳು, ಇಳಿಸಲು ಮತ್ತೆ ಅದೇ ಆರು ಆಳು. ಹದಿನೈದು ಅಡಿಯ ಒಂದು ಫೈಬರ್ ದೋಣಿಗೆ ಇಷ್ಟೆಲ್ಲ ಬೇಕೇ ಎಂದು ಯೋಚಿಸಿ, ಈಗ ಐದು ವರ್ಷಗಳಿಂದ ನನ್ನ ಹಳೆ ಮಹೀಂದ್ರ ಜೀಪಿನ ಹಿಂದೆ ಟ್ರೈಲರ್ ಕಟ್ಟಿ ಸಾಗಿಸುತ್ತಿದ್ದೇನೆ. ಇಬ್ಬರು ಸಾಕು. ಕೇಳಿದವರಿಗೆ ಹೇಳಿ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ದೋಣಿ ಇಲ್ಲದವರೂ ಓದಿ. ಟಿಲ್ಲರಿನ ಹಿಂದೆ ಗೊಬ್ಬರ ಹೇರುವವರಿಗೂ ಇದರಲ್ಲಿ ವಿಷಯ ಉಂಟು.

ವೆಲ್ಡಿಂಗ್ ಶಾಪಿನ ಹುಡುಗ ಕೊಂಡಿ ಕೂರಿಸುತ್ತಾ, "ಅಣ್ಣ, ಜೀಪಿಗೆ ಇದೆಲ್ಲ ಎಂಥದು, ಆನೆಯನ್ನೂ ಎಳೆದೀತು" ಎಂದ. ಎಲ್ಲರೂ ನೋಡುವುದು ಅದನ್ನೇ, ಎಳೆಯುವ ಶಕ್ತಿಯನ್ನು. ಎಳೆಯುವುದು ದೊಡ್ಡ ಸಂಗತಿಯಲ್ಲ ಮಾರಾಯರೆ. ಒಂದನೇ ಗೇರಿನಲ್ಲಿ ಯಾವ ವಾಹನವೂ ತನ್ನಷ್ಟೇ ಭಾರವನ್ನು ಸಮತಟ್ಟು ರಸ್ತೆಯಲ್ಲಿ ಎಳೆದೀತು. ಹಿಂದಿನ ಹೊರೆಯನ್ನು ನಿಲ್ಲಿಸುವುದು ಮತ್ತು ನೆಟ್ಟಗೆ ಇಟ್ಟುಕೊಳ್ಳುವುದು ಬೇರೆ ವಿದ್ಯೆ.

ಅಮೇರಿಕದವರು ದೋಣಿ ಎಳೆಯಲು ದೊಡ್ಡ ಪಿಕಪ್ ಬೇಕೆನ್ನುತ್ತಾರೆ. ಯುರೋಪಿನಲ್ಲಿ ಸಾಧಾರಣ ಕಾರಿನವರೇ ದೋಣಿ ಕಟ್ಟಿಕೊಂಡು ಸಮುದ್ರಕ್ಕೆ ಹೋಗುತ್ತಾರೆ. ಯುರೋಪಿನ ಕಾರಿಗೆ ವಿಶೇಷ ಬಲವೇನೂ ಇಲ್ಲ, ಅಲ್ಲಿ ನಿಯಮ ಬಿಗಿ. ಜರ್ಮನಿಯಲ್ಲಿ ಟ್ರೈಲರ್ ಕಟ್ಟಿದ ಕಾರಿಗೆ ಸಾಮಾನ್ಯವಾಗಿ 80 ಕಿ.ಮೀ. ವೇಗದ ಮಿತಿ. ಬ್ರಿಟನ್ನಿನಲ್ಲಿ ಸ್ವಂತ ಬ್ರೇಕು ಇಲ್ಲದ ಟ್ರೈಲರ್ ಹೊರೆಸಮೇತ 750 ಕಿಲೋ ಮೀರಬಾರದು, ಕಾರಿನ ತೂಕದ ಅರ್ಧವನ್ನೂ ಮೀರಬಾರದು, ಎರಡರಲ್ಲಿ ಯಾವುದು ಕಡಿಮೆಯೋ ಅದು. ಈ ಅರ್ಧದ ಲೆಕ್ಕ ನನಗೆ ಹಿಡಿಸಿತು. ನೆನಪಿಡಲು ಸುಲಭ.

ಕೊಪ್ಪರ ತೂಗುವ ತಕ್ಕಡಿ ಸಾಕು

ಹೊರೆ ಎಷ್ಟೆಂದು ಗೊತ್ತಿಲ್ಲದೆ ಅರ್ಧ ಯಾವುದು, ಪೂರ್ತಿ ಯಾವುದು? ದೋಣಿ ತೂಗಲು ವೇಬ್ರಿಜ್ಜಿಗೆ ಹೋಗಬೇಕಿಲ್ಲ. ಮೂತಿಯನ್ನು ಅಡಿಕೆ-ಕೊಪ್ಪರ ತೂಗುವ ನೆಲದ ತಕ್ಕಡಿಯ ಮೇಲಿಟ್ಟು, ಹಿಂಬದಿಯನ್ನು ಅಷ್ಟೇ ಎತ್ತರದ ಮರದ ತುಂಡಿನ ಮೇಲಿಡಿ. ತೂಕ ಬರೆದುಕೊಳ್ಳಿ. ಆಮೇಲೆ ತಕ್ಕಡಿ ಹಿಂಬದಿಗೆ, ತುಂಡು ಮೂತಿಗೆ. ಎರಡನ್ನೂ ಕೂಡಿಸಿದರೆ ದೋಣಿಯ ತೂಕ. ನಮ್ಮದರ ಮೂತಿ 55 ಕಿಲೋ, ಹಿಂಬದಿ 85 ಕಿಲೋ, ಒಟ್ಟು 140.

ಇದರಿಂದ ಇನ್ನೊಂದು ಲಾಭವುಂಟು. ಭಾರದ ನಡು ಎಲ್ಲಿ ಎಂದು ಗೊತ್ತಾಗುತ್ತದೆ. 140ರಲ್ಲಿ 85 ಪಾಲು ಹಿಂದೆ ಬಿತ್ತಲ್ಲ, ಹಾಗಾಗಿ 15 ಅಡಿಯನ್ನು 85ರಿಂದ ಗುಣಿಸಿ 140ರಿಂದ ಭಾಗಿಸಿದರೆ ಸುಮಾರು 9 ಅಡಿ. ಮೂತಿಯಿಂದ 9 ಅಡಿ ಹಿಂದೆ ದೋಣಿಯ ಭಾರದ ನಡು. ಅಲ್ಲಿ ಸುಣ್ಣದಲ್ಲೋ ಬಣ್ಣದಲ್ಲೋ ಒಂದು ಗೀಟು ಹಾಕಿಡಿ.

ಟ್ರೈಲರ್ ಖಾಲಿ 180 ಕಿಲೋ. ಹುಟ್ಟು, ಹಗ್ಗ, ಲಂಗರು ಇತ್ಯಾದಿ 20. ಒಟ್ಟು 340 ಕಿಲೋ. ಜೀಪಿನ ತೂಕ ಸಾವಿರ ಕಿಲೋಕ್ಕೆ ಮೇಲೆಯೇ ಇರುವುದರಿಂದ ಅರ್ಧದ ಒಳಗೆ ಆರಾಮವಾಗಿ ಬಂತು.

ಮುಂಭಾರ, ಹಿಂಭಾರ

ಎತ್ತಿನಗಾಡಿ ಹೊಡೆದವರಿಗೆ ಇದು ಹೊಸ ಪಾಠವಲ್ಲ. ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳಿಗೆ ಹಗ್ಗ ಬಿಗಿಯುತ್ತದೆ. ಮುಂಭಾರ ಹೆಚ್ಚಾದರೆ ಹೆಗಲು ಹುಣ್ಣು. ಹದವಾಗಿ ಹೇರಿದರೆ ನೊಗ ಹೆಗಲ ಮೇಲೆ ಸ್ವಲ್ಪವೇ ಕೂತಿರುತ್ತದೆ. ಜೀಪಿನ ಕೊಂಡಿಯೂ ಹಾಗೆಯೇ. ಆದರೆ ಎತ್ತು ತಲೆ ಕೊಡವಿ ಹೇಳುತ್ತದೆ, ಜೀಪು ಹೇಳುವುದಿಲ್ಲ.

ಕೊಂಡಿಯ ಮೇಲೆ ಕೂರುವ ಭಾರ ಒಟ್ಟು ಹೊರೆಯ ನೂರಕ್ಕೆ ಏಳರಿಂದ ಹತ್ತರಷ್ಟಿರಲಿ. ಬ್ರಿಟನ್ನಿನಲ್ಲಿ 5ರಿಂದ 7 ಎನ್ನುತ್ತಾರೆ, ಅಮೇರಿಕದಲ್ಲಿ 10ರಿಂದ 15. ನಾನು ನಡುವೆ ಹಿಡಿದೆ. 340ಕ್ಕೆ 24ರಿಂದ 34 ಕಿಲೋ. ತೂಗುವುದು ಅದೇ ತಕ್ಕಡಿಯಲ್ಲಿ: ಟ್ರೈಲರನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಮೂಕಿಯ ತುದಿಯನ್ನು ಜೀಪಿನ ಕೊಂಡಿಯ ಎತ್ತರಕ್ಕೇ ಬರುವಂತೆ ತುಂಡಿಟ್ಟು ತಕ್ಕಡಿಯ ಮೇಲೆ ಕೂರಿಸಿ. ತುಂಡಿನ ತೂಕ ಕಳೆಯಲು ಮರೆಯಬೇಡಿ.

ನಮ್ಮ ಟ್ರೈಲರಿನಲ್ಲಿ ಅಚ್ಚಿನಿಂದ ಕೊಂಡಿಗೆ 12 ಅಡಿ. ಖಾಲಿ ಮೂಕಿಯ ಭಾರ 15 ಕಿಲೋ. ದೋಣಿಯ ಗೀಟನ್ನು ಅಚ್ಚಿಗಿಂತ ಒಂದಡಿ ಮುಂದೆ ಕೂರಿಸಿದರೆ 140 ಭಾಗಿಸು 12, ಅಂದರೆ ಹತ್ತಿರ ಹತ್ತಿರ 12 ಕಿಲೋ ಕೊಂಡಿಗೆ ಬರುತ್ತದೆ. ಲಂಗರು-ಹಗ್ಗವನ್ನು ಅಚ್ಚಿನಿಂದ ಎರಡಡಿ ಮುಂದೆ ಇಟ್ಟದ್ದರಿಂದ ಮೂರು ಕಿಲೋ. ಒಟ್ಟು 30. ಸರಿಯಾಯಿತು. ಇದೇ ದೋಣಿಯನ್ನು ಎರಡಡಿ ಹಿಂದೆ ಸರಿಸಿದರೆ? 24 ಕಿಲೋ ಹಾರಿಹೋಗಿ ಕೊಂಡಿಯ ಮೇಲೆ ಉಳಿಯುವುದು ಆರೇ ಕಿಲೋ. ಹೊರೆ ಅಷ್ಟೇ, ವಾಹನ ಅದೇ, ಆದರೆ ಆ ಟ್ರೈಲರ್ 40 ಕಿ.ಮೀ. ವೇಗ ದಾಟಿದರೆ ಬಾಲ ಅಲ್ಲಾಡಿಸಲು ಸುರು ಮಾಡೀತು.

ಬಾಲ ಅಲ್ಲಾಡುವುದೆಂದರೆ ಹಿಂದಿನ ಹೊರೆ ಎಡಕ್ಕೂ ಬಲಕ್ಕೂ ತೂಗಿಕೊಂಡು ಪ್ರತಿ ತೂಗಿಗೂ ಹೆಚ್ಚುತ್ತಾ ಹೋಗುವುದು. ಕೊನೆಗೆ ಜೀಪಿನ ಹಿಂಭಾಗವನ್ನೇ ಎಳೆದು ಚರಂಡಿಗೆ ಹಾಕುತ್ತದೆ. ಆಗ ಬ್ರೇಕು ಒತ್ತಿ ಹಿಡಿಯಬೇಡಿ, ಸ್ಟಿಯರಿಂಗ್ ಆಚೀಚೆ ತಿರುಗಿಸಿ ಸರಿಮಾಡಲು ಹೋಗಬೇಡಿ. ಚಕ್ರ ನೆಟ್ಟಗೆ ಹಿಡಿದು ಎಕ್ಸಲೇಟರ್ ಮೆಲ್ಲ ಬಿಡಿ. ವೇಗ ಇಳಿದಂತೆ ತೂಗಾಟವೂ ಇಳಿಯುತ್ತದೆ. ಮತ್ತೆ ನಿಲ್ಲಿಸಿ ಹೊರೆಯನ್ನು ಮುಂದೆ ಸರಿಸಿ.

ನಮ್ಮೂರಿಗೇ ವಿಶೇಷವಾದ ಒಂದು ಅಪಾಯವುಂಟು, ಮಳೆ. ದೋಣಿ ಎಂದರೆ ಬಾಯ್ದೆರೆದ ಪಾತ್ರೆ. ನಮ್ಮ ದೋಣಿಯ ಬಾಯಿ ಸುಮಾರು 4 ಚದರ ಮೀಟರ್. ಒಂದು ಇಂಚು ಮಳೆ ಬಿದ್ದರೆ 100 ಲೀಟರ್, ಅಂದರೆ 100 ಕಿಲೋ. ಜೂನ್ ತಿಂಗಳಲ್ಲಿ ಅದಕ್ಕೆ ಗಂಟೆಯೂ ಬೇಡ. ಏರು ರಸ್ತೆಯಲ್ಲಿ ಆ ನೀರೆಲ್ಲ ಹಿಂದಕ್ಕೆ ಹೋಗಿ ನಿಲ್ಲುತ್ತದೆ. ಅಚ್ಚಿನಿಂದ ಮೂರಡಿ ಹಿಂದೆ 100 ಕಿಲೋ ನಿಂತರೆ ಕೊಂಡಿಯಿಂದ 25 ಕಿಲೋ ಕಳೆಯಿತು. ಬೆಳಿಗ್ಗೆ ಹದವಾಗಿ 30 ಇದ್ದದ್ದು ಈಗ ಐದು! ಆದ್ದರಿಂದ ತಳದ ಬಿರಡೆ ತೆಗೆದೇ ಹೊರಡಬೇಕು. ಹೊಳೆಗಿಳಿಸುವ ಮೊದಲು ಬಿರಡೆ ಹಾಕಲು ನೆನಪಾಗಲೆಂದು ನಾನು ಅದನ್ನು ಜೀಪಿನ ಕೀಲಿಕೈಗೇ ಕಟ್ಟಿಡುತ್ತೇನೆ.

ಇಳಿಜಾರು

ಗುಡ್ಡೆ ಇಳಿಯುವಾಗ ಹೊರೆ ಎಳೆಸಿಕೊಳ್ಳುವುದಿಲ್ಲ, ದೂಡುತ್ತದೆ. ಹತ್ತಡಿಗೆ ಒಂದಡಿ ಇಳಿಯುವ ರಸ್ತೆಯಲ್ಲಿ 340 ಕಿಲೋದ ಟ್ರೈಲರ್ ಸುಮಾರು 34 ಕಿಲೋದಷ್ಟು ಬಲದಿಂದ ಜೀಪನ್ನು ದೂಡುತ್ತಿರುತ್ತದೆ. ಒಬ್ಬ ಗಟ್ಟಿ ಆಳು ಹಿಂದಿನಿಂದ ನೂಕಿದ ಹಾಗೆ, ಜೀಪಿಗೆ ಅದು ಲೆಕ್ಕವಲ್ಲ. ಆದರೆ ವೇಗ ಇಮ್ಮಡಿಯಾದರೆ ನಿಲ್ಲಿಸುವ ಕೆಲಸ ನಾಲ್ಕು ಪಟ್ಟು. ಏರಲು ಯಾವ ಗೇರು ಬೇಕಿತ್ತೋ ಇಳಿಯಲೂ ಅದೇ ಗೇರು, ಅದೂ ಇಳಿಜಾರು ಸುರುವಾಗುವ ಮೊದಲೇ ಹಾಕಿ.

ಇಲ್ಲಿ ಟಿಲ್ಲರಿನವರಿಗೆ ಒಂದು ಮಾತು. ಟಿಲ್ಲರ್ ಟ್ರೈಲರಿನಲ್ಲಿ ಒಂದೂವರೆ ಟನ್ನಿನಷ್ಟು ಹೇರುವವರಿದ್ದಾರೆ. ಅದೇ ಇಳಿಜಾರಿನಲ್ಲಿ ದೂಡುವ ಬಲ 150 ಕಿಲೋ, ಮುಂದಿರುವ ಟಿಲ್ಲರೋ ಹೊರೆಗಿಂತ ಎಷ್ಟೋ ಹಗುರ. ಅರ್ಧದ ಲೆಕ್ಕ ಪೂರ್ತಿ ತಿರುಗಾಮುರುಗಾ. ಜೊತೆಗೆ ಸ್ಟಿಯರಿಂಗ್ ಕ್ಲಚ್ಚಿನ ವಿಚಾರ: ಸಮತಟ್ಟಿನಲ್ಲಿ ಎಡದ ಕ್ಲಚ್ ಒತ್ತಿದರೆ ಎಡ ಚಕ್ರಕ್ಕೆ ಎಂಜಿನಿನ ಬಲ ತಪ್ಪಿ ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಹೊರೆ ದೂಡುತ್ತಿರುವಾಗ ಎಂಜಿನು ಚಕ್ರಗಳನ್ನು ತಡೆದು ಹಿಡಿದಿರುತ್ತದೆ. ಆಗ ಎಡದ ಕ್ಲಚ್ ಒತ್ತಿದರೆ ಎಡ ಚಕ್ರಕ್ಕೆ ಆ ತಡೆ ತಪ್ಪಿ ಅದು ಬಿರುಸಾಗಿ ಉರುಳುತ್ತದೆ, ಟಿಲ್ಲರ್ ಬಲಕ್ಕೆ ತಿರುಗುತ್ತದೆ! ಗಾಬರಿಯಲ್ಲಿ ಇನ್ನೂ ಒತ್ತಿದರೆ ಇನ್ನೂ ಬಲಕ್ಕೆ. ತೋಟದ ದರೆಯಿಂದ ಟಿಲ್ಲರ್ ಸಮೇತ ಕೆಳಗೆ ಬಿದ್ದವರ ಸುದ್ದಿ ಕೇಳಿದಾಗಲೆಲ್ಲ ನನಗೆ ಈ ಕ್ಲಚ್ಚಿನದೇ ಯೋಚನೆ. ಇಳಿಯುವಾಗ ಕ್ಲಚ್ ಮುಟ್ಟದೆ ಹ್ಯಾಂಡಲ್ ಹಿಡಿದೇ ತಿರುಗಿಸಿ, ತಗ್ಗಿನ ಗೇರಿನಲ್ಲಿಡಿ, ನ್ಯೂಟ್ರಲ್ ಮಾಡಲೇಬೇಡಿ. ಟ್ರೈಲರಿನ ಬ್ರೇಕನ್ನು ಮೊದಲಿನಿಂದಲೇ ಹಗುರವಾಗಿ ಒತ್ತಿ, ಹೊರೆ ಹಿಂದಿನಿಂದ ಜಗ್ಗಿ ಹಿಡಿದಂತಿರಲಿ. ಕೆಲಸದವನ ಕೈಗೆ ಟಿಲ್ಲರ್ ಕೊಡುವವರು ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಸಣ್ಣ ಇಳಿಜಾರಿನಲ್ಲಿ ಖಾಲಿ ಟ್ರೈಲರ್ ಕಟ್ಟಿ ಮಾಡಿ ತೋರಿಸಿ.

ಕಾರು ಆದೀತೇ?

ಸಣ್ಣ ಕಾರಿದೆ, ಅದಕ್ಕೇ ಕೊಂಡಿ ಹಾಕಿಸಲೇ ಎಂದು ಕೇಳುವವರಿದ್ದಾರೆ. ಮೊದಲು ಕಾರಿನ ಕೈಪಿಡಿ ನೋಡಿ. ಎಳೆಯಬಹುದಾದ ತೂಕ ಬರೆದಿಲ್ಲದಿದ್ದರೆ ಇಲ್ಲವೆಂದೇ ತಿಳಿಯಿರಿ. ಬಂಪರಿನಡಿಯ ಬಳೆ ಕೆಟ್ಟ ಕಾರನ್ನು ಎಳೆದೊಯ್ಯಲು ಇರುವುದು, ಟ್ರೈಲರ್ ಕಟ್ಟಲು ಅಲ್ಲ. ಇನ್ನೊಂದು ತೊಡಕು ಕಡವಿನಲ್ಲಿ. ಇಂದಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರದಿಂದ ಎಳೆಯುವವು. ಕೊಂಡಿಯ ಭಾರ ಹಿಂಬದಿಯನ್ನು ಒತ್ತಿ ಮುಂಬದಿಯನ್ನು ಹಗುರ ಮಾಡುತ್ತದೆ, ಏರು ದಾರಿ ಅದನ್ನು ಇನ್ನೂ ಹಗುರ ಮಾಡುತ್ತದೆ. ಪಾಚಿಗಟ್ಟಿದ ಕಡವಿನಲ್ಲಿ ಚಕ್ರ ಸುತ್ತುವುದೇ ಬಂತು, ಕಾರು ಮೇಲೆ ಬಾರದು. ಕ್ಲಚ್ ಪ್ಲೇಟು ಸುಟ್ಟ ವಾಸನೆ ಮಾತ್ರ ಬಂದೀತು. ಜೀಪಿಗೆ ಹಿಂದಿನ ಚಕ್ರದ ಎಳೆತ, ಕೊಂಡಿಯ ಭಾರ ಅದಕ್ಕೆ ಅನುಕೂಲವೇ. ಅಲ್ಲದೆ ಜೀಪು ಟ್ರೈಲರಿನ ಜೊತೆಗೇ ಬೆಳೆದ ವಾಹನ. ಎರಡನೇ ಮಹಾಯುದ್ಧದಲ್ಲಿ ಅದಕ್ಕೆಂದೇ ಕಾಲು ಟನ್ನಿನ ಎರಡು ಚಕ್ರದ ಟ್ರೈಲರ್ ಮಾಡಿದ್ದರು, ಅದು ನೀರಿನಲ್ಲಿ ತೇಲುತ್ತಲೂ ಇತ್ತು. ನಮಗೆ ದೋಣಿ ಬೇರೆ, ಟ್ರೈಲರ್ ಬೇರೆ.

ಕಡವಿನಲ್ಲಿ

ಹಿಂದಕ್ಕೆ ತೆಗೆಯುವುದು ಹೆಚ್ಚಿನವರಿಗೆ ತಲೆಬಿಸಿ. ಒಂದು ಉಪಾಯ: ಸ್ಟಿಯರಿಂಗ್ ಚಕ್ರವನ್ನು ಮೇಲೆ ಹಿಡಿಯದೆ ಕೆಳಗಡೆ ಹಿಡಿಯಿರಿ. ಟ್ರೈಲರ್ ಯಾವ ಕಡೆ ಹೋಗಬೇಕೋ ಕೈ ಅದೇ ಕಡೆ ಸರಿಸಿ. ಸಣ್ಣ ಟ್ರೈಲರ್ ಥಟ್ಟನೆ ಮಡಚಿಕೊಳ್ಳುತ್ತದೆ, ಉದ್ದ ಮೂಕಿಯದ್ದು ನಿಧಾನ. ಕಲಿಯಲು ಉದ್ದದ್ದೇ ಒಳ್ಳೆಯದು. ಕೊಯ್ಲಾದ ಗದ್ದೆಯಲ್ಲಿ ಒಂದು ಸಂಜೆ ಅಭ್ಯಾಸ ಮಾಡಿದರೆ ಸಾಕು.

ಭರತದ ಹೊತ್ತು ನೋಡಿ ಹೋಗಿ, ನೀರು ಮೇಲೆ ಬಂದಷ್ಟೂ ಜೀಪು ಕಡಿಮೆ ಇಳಿದರೆ ಸಾಕು. ಓಡಿ ಬಂದ ಚಕ್ರದ ಬೇರಿಂಗ್ ಬಿಸಿಯಿರುತ್ತದೆ. ಹಾಗೇ ತಣ್ಣನೆ ನೀರಿಗಿಳಿಸಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಗೆಳೆದುಕೊಳ್ಳುತ್ತದೆ. ಬೇಸಗೆಯಲ್ಲಿ ನಮ್ಮ ಹೊಳೆಗೆ ಉಪ್ಪುನೀರು ಬರುವುದರಿಂದ ಬೇರಿಂಗಿನ ಕತೆ ಅಲ್ಲಿಗೆ ಮುಗಿಯಿತು. ಅರ್ಧ ಗಂಟೆ ತಣಿಯಲಿ, ಎಲೆಯಡಿಕೆ ಹಾಕಿ. ನಾನಂತೂ ಚಕ್ರ ನೀರಿಗಿಳಿಸುವುದೇ ಇಲ್ಲ. ಕಡಿದ ಬಾಳೆಯ ದಿಂಡು ನಾಲ್ಕು ಹಾಸಿ ದೋಣಿಯನ್ನು ಅದರ ಮೇಲೆ ಜಾರಿಸುತ್ತೇನೆ. 140 ಕಿಲೋಕ್ಕೆ ಇಬ್ಬರು ಸಾಕು.

ಕಟ್ಟುವಾಗ ಮೂತಿಯನ್ನು ಮೂಕಿಗೆ, ಹಿಂಬದಿಯನ್ನು ಟ್ರೈಲರಿಗೆ ಬೇರೆ ಬೇರೆಯಾಗಿ ಬಿಗಿಯಿರಿ. ನೈಲಾನ್ ಹಗ್ಗ ಹಿಗ್ಗುತ್ತದೆ, ಒಂದೆರಡು ಕಿ.ಮೀ. ಹೋಗಿ ನಿಲ್ಲಿಸಿ ಮತ್ತೊಮ್ಮೆ ಎಳೆದು ಕಟ್ಟಿ. ಕೊಂಡಿ ಕಳಚಿದರೂ ಟ್ರೈಲರ್ ಓಡದಂತೆ ಎರಡು ಸರಪಳಿ ಬೇಕು. ಅವನ್ನು ಮೂಕಿಯ ಅಡಿಯಲ್ಲಿ ಕತ್ತರಿಯಾಕಾರಕ್ಕೆ ಹಾಯಿಸಿ. ಮೂಕಿ ಬಿದ್ದರೆ ಸರಪಳಿಯ ಜೋಲಿಯಲ್ಲಿ ಕೂರುತ್ತದೆ, ರಸ್ತೆಗೆ ನಾಟುವುದಿಲ್ಲ.

ಕಾಗದಪತ್ರದ ವಿಚಾರ ಹಗುರ ಮಾಡಬೇಡಿ. 1988ರ ಮೋಟಾರು ವಾಹನ ಕಾಯಿದೆಯಂತೆ ಟ್ರೈಲರಿಗೂ ನೋಂದಣಿ ಬೇಕು, ಎಳೆಯುವ ವಾಹನದ ನಂಬರು ಟ್ರೈಲರಿನಲ್ಲೂ ಕಾಣಬೇಕು. ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿ ಆಮೇಲೆ ಆರ್.ಟಿ.ಓ. ಕಚೇರಿಗೆ ಹೋದರೆ ಓಡಾಟ ತಪ್ಪದು, ಮೊದಲೇ ಕೇಳಿಕೊಳ್ಳಿ. ನಾನು ಪೈಪು ಸಾಗಿಸಲು ಮಾಡಿಸಿದ್ದ ಉದ್ದ ಮೂಕಿಯ ಹಳೆ ಟ್ರೈಲರನ್ನು ಪೇಪರು ಸಮೇತ ಕೊಂಡೆ. ಅದರ ಮೇಲೆ ಹಲಸಿನ ಮರದ ಎರಡು ತೊಟ್ಟಿಲು, ಹಳೆ ಗೋಣಿ ಸುತ್ತಿ ಬೋಲ್ಟಿನಲ್ಲಿ ಕೂರಿಸಿದ್ದು. ದೋಣಿ ಇಲ್ಲದ ದಿನ ಬೋಲ್ಟು ಕಳಚಿದರೆ ಅದರಲ್ಲೇ ಸ್ಪ್ರಿಂಕ್ಲರ್ ಪೈಪು, ಮಡಲು, ಬಿದಿರು ಬರುತ್ತದೆ. ವಿಮೆಯ ಏಜೆಂಟರಲ್ಲಿ ಟ್ರೈಲರಿನ ವಿಷಯ ಬಾಯಿಬಿಟ್ಟು ಹೇಳಿ ಪಾಲಿಸಿಯಲ್ಲಿ ಬರೆಸಿಕೊಳ್ಳಿ. ಹಿಂದಿನ ದೀಪ ಮತ್ತು ಇಂಡಿಕೇಟರಿನ ವಯರು ತಿರುವಿನಲ್ಲಿ ಜಗ್ಗದಷ್ಟು ಸಡಿಲವಿರಲಿ, ರಸ್ತೆಗೆ ಉಜ್ಜುವಷ್ಟು ಬೇಡ. ದೋಣಿಯ ಬೆನ್ನಿಗೆ ಒಂದು ಕೆಂಪು ಬಟ್ಟೆ ಕಟ್ಟಿದರೆ ಹಿಂದಿನಿಂದ ಬರುವ ಬೈಕಿನವರಿಗೆ ಹಗಲಲ್ಲಿ ಅದೇ ಗುರುತು.