ಶೈಶವದಲ್ಲಿ ಕಿವುಡಾದವರೂ ಕಾಕ್ಲಿಯರ್ ಇಂಪ್ಲಾಂಟೂ

ಕಿವುಡನೊಬ್ಬನ ಕಿವಿಗಳು ತೆರೆದು, ಅವನು ಕೂಡಲೇ ಮಾತನಾಡಿದ ಸಂಗತಿಯನ್ನು ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ನಾವೆಲ್ಲರೂ ಓದಿರುತ್ತೇವೆ. ಈ ಕಾಲದ ಶಸ್ತ್ರಚಿಕಿತ್ಸೆಯಿಂದಲೂ ಅಂಥದೇ ಫಲವನ್ನು ನಿರೀಕ್ಷಿಸುವವರು ಹಲವರು. ಶೈಶವದಲ್ಲಿ ಕಿವುಡಾಗಿ ಈಗ ಪ್ರಾಯಕ್ಕೆ ಬಂದಿರುವ ಮಗಳನ್ನೋ ತಂಗಿಯನ್ನೋ ಉಳ್ಳ ವಾಚಕರು ಇದರ ನಿಜಸ್ಥಿತಿಯನ್ನು ತಿಳಿದಿರುವುದು ಅವಶ್ಯವೆಂದು ಎಣಿಸಿ ಬರೆಯುತ್ತೇವೆ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿದ ಅವಯವವೊಂದುಂಟು. ಅದರೊಳಗಿನ ಸೂಕ್ಷ್ಮ ರೋಮಕಣಗಳು ಶಬ್ದದ ಅಲುಗಾಟವನ್ನು ನರಕ್ಕೆ ತಲುಪಿಸುತ್ತವೆ. ನಷ್ಟವಾದರೆ ಅವು ಮತ್ತೆ ಬೆಳೆಯುವುದಿಲ್ಲ. ಇಂಪ್ಲಾಂಟಾದರೋ ಆ ಕಣಗಳ ಹಂಗಿಲ್ಲದೆ, ಸುರುಳಿಯೊಳಗೆ ತೂರಿಸಿದ ತಂತಿಯ ಮೂಲಕ ನರವನ್ನೇ ವಿದ್ಯುತ್ತಿನಿಂದ ಎಚ್ಚರಿಸುತ್ತದೆ. 1978ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಗ್ರೇಮ್ ಕ್ಲಾರ್ಕ್ ಎಂಬ ವೈದ್ಯರು (ಇವರ ತಂದೆಗೇ ಕಿವಿ ಮಂದವಾಗಿತ್ತು) ಹಲವು ವಿದ್ಯುದಗ್ರಗಳುಳ್ಳ ಉಪಕರಣವನ್ನು ರಾಡ್ ಸಾಂಡರ್ಸ್ ಎಂಬವರ ಕಿವಿಯಲ್ಲಿಟ್ಟರು. ಅವರಿಗೆ ಮಾತು ತಿಳಿಯತೊಡಗಿತು. ಆದರೆ ಸಾಂಡರ್ಸರು ಪ್ರಾಯದಲ್ಲಿ ಅಪಘಾತದಿಂದ ಕಿವುಡಾದವರು. ಮಾತಿನ ನೆನಪು ಅವರಲ್ಲಿ ಮೊದಲೇ ಇತ್ತೆಂಬುದನ್ನು ಮರೆಯಬಾರದು.

ಮಿದುಳು ಕೇಳುವುದನ್ನು ಚೆನ್ನಾಗಿ ಕಲಿಯುವ ಕಾಲವು ಜೀವನದ ಮೊದಲ ಮೂರು ನಾಲ್ಕು ವರ್ಷಗಳು. ಆಗ ಶಬ್ದವು ಬಾರದಿದ್ದರೆ, ಒಡೆಯನಿಲ್ಲದ ಮನೆಗೆ ಬೇರೆಯವರು ಒಕ್ಕಲು ಬಂದಂತೆ, ದೃಷ್ಟಿಯೂ ಸ್ಪರ್ಶವೂ ಆ ಭಾಗವನ್ನು ಸ್ವಲ್ಪಮಟ್ಟಿಗೆ ಹಿಡಿದುಕೊಳ್ಳುತ್ತವೆ. ಇಪ್ಪತ್ತು ಮೂವತ್ತು ವರ್ಷಗಳ ತರುವಾಯ ನರವು ಸುದ್ದಿಯನ್ನು ತಂದರೂ ಅದನ್ನು ಓದಬಲ್ಲವರು ಅಲ್ಲಿ ಕಡಿಮೆ.

ಆದಕಾರಣ ಇಂಥವರಿಗೆ ದೊರಕುವ ಫಲವು ಬೇರೆ ತರದ್ದು. ಬಾಗಿಲು ತಟ್ಟುವುದು, ಮಗುವಿನ ಅಳು, ಬೀದಿಯಲ್ಲಿ ಮೋಟಾರಿನ ಹಾರನ್ನು, ಇವು ಹೆಚ್ಚಿನವರಿಗೆ ಕೇಳಿಸುತ್ತವೆ. ತುಟಿ ನೋಡಿ ಮಾತನ್ನು ಗ್ರಹಿಸುವುದು ಸುಲಭವಾಗುತ್ತದೆ. ಮುಖ ನೋಡದೆ ಕಿವಿಯೊಂದರಿಂದಲೇ ಮಾತು ತಿಳಿಯುವವರು ಕೆಲವರೇ. ಬಾಲ್ಯದಿಂದ ಶ್ರವಣಯಂತ್ರವನ್ನು ಬಿಡದೆ ಧರಿಸಿ ಬಾಯಿಮಾತಿನಲ್ಲಿ ಬೆಳೆದವರಿಗೆ ಪ್ರಯೋಜನ ಹೆಚ್ಚು. ಬರೇ ಗದ್ದಲವೆಂದು ಬೇಸತ್ತು ತೆಗೆದಿಟ್ಟವರೂ ಉಂಟು. ಹೀಗಿದ್ದರೂ, ಮಾತಿನ ಪರೀಕ್ಷೆಯಲ್ಲಿ ಅಂಕವೇರದ ಅನೇಕರು ತಮ್ಮ ಜೀವನ ಹಸನಾಯಿತೆಂದೇ ಹೇಳುತ್ತಾರೆ. ಅಂಕವೇ ಸರ್ವಸ್ವವಲ್ಲವೆಂದು ಉಪಾಧ್ಯಾಯಿನಿಯರಾದ ನಾವೂ ಒಪ್ಪಬೇಕಾಯಿತು!

ನಿರ್ಧಾರವು ಆಕೆಯದೇ ಆಗಿರಬೇಕು. ಸನ್ನೆಯ ಭಾಷೆಯಲ್ಲಿ ಸುಖವಾಗಿರುವವಳನ್ನು ತಂದೆತಾಯಿಗಳು ಬಲವಂತಪಡಿಸುವುದು ನಮಗೆ ಸರಿತೋರುವುದಿಲ್ಲ. ಶಸ್ತ್ರಚಿಕಿತ್ಸೆಯ ಬಳಿಕ ತಿಂಗಳುಗಟ್ಟಲೆ ಕೇಳುವ ಅಭ್ಯಾಸ ಮಾಡಬೇಕಾದವಳು ಅವಳೇ ಅಲ್ಲವೇ? ನಮ್ಮ ಸೀಮೆಯವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯುಂಟು. ವಿಚಾರಿಸಹೋಗುವಾಗ ಬಾಲ್ಯದ ವೈದ್ಯಪತ್ರಗಳನ್ನು ಒಯ್ಯಬೇಕು; ಕಿವುಡು ಬಂದ ಪ್ರಾಯವನ್ನೂ ಯಂತ್ರ ಧರಿಸಿದ ವರ್ಷಗಳನ್ನೂ ತಪ್ಪದೆ ತಿಳಿಸಬೇಕು.